ಅಡಿಕೆ ಕೊಟ್ಟಿಗೆಯಲ್ಲೊಂದು ಜೀರ್ಣೋದ್ಧಾರ: 1968ರ ಫಿಯೆಟ್ 1100 ಡಿಲೈಟ್ ಕಾರಿನ ಪ್ರಕರಣ ಅಧ್ಯಯನ

2021ರ ನವೆಂಬರ್‌ನಲ್ಲಿ, ಮಳೆಗಾಲ ಮುಗಿದು ಅಡಿಕೆ ಕೊಯ್ಲು ಇನ್ನೂ ಶುರುವಾಗದಿದ್ದ ಹೊತ್ತಿನಲ್ಲಿ, ಸಾಗರ ತಾಲ್ಲೂಕಿನ ನಮ್ಮ ಮನೆಯ ಅಂಗಳಕ್ಕೆ ಒಂದು ಫಿಯೆಟ್ 1100 ಡಿಲೈಟ್ ಕಾರು ಲಾರಿಯ ಮೇಲೆ ಬಂದಿಳಿಯಿತು. 1968ರಲ್ಲಿ ಬೊಂಬಾಯಿಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ ಹೊರಬಂದ ಈ ಕಾರನ್ನು ನಮ್ಮ ಭಾಗದ ವೈದ್ಯರೊಬ್ಬರು ಹೊಸದಾಗಿ ಕೊಂಡು, ತಮ್ಮ ಕೈಯಲ್ಲಿ ಆಗುವವರೆಗೂ ತಾವೇ ಓಡಿಸಿದ್ದರು. ಅಪ್ಪನಿಗೆ ತೋಟದಲ್ಲಿ ಹಾವು ಕಚ್ಚಿದ ದಿನ ಅವರನ್ನು ಶಿವಮೊಗ್ಗಕ್ಕೆ ಸಾಗಿಸಿದ್ದು ಇದೇ ಕಾರಿನಲ್ಲಿ. ವೈದ್ಯರು ತೀರಿಕೊಂಡ ನಂತರ ಹತ್ತು ವರ್ಷ ಅದು ಅವರ ಮನೆಯ ಹಿಂದಿನ ಮಾಡಿನ ಕೆಳಗೆ ನಿಂತಲ್ಲೇ ನಿಂತಿತ್ತು. ಅವರ ಮಕ್ಕಳು ಗುಜರಿಗೆ ಕೊಡಲು ಹೊರಟಿದ್ದನ್ನು ಕೇಳಿ ನಾನು 85,000 ರೂಪಾಯಿಗೆ ಕೊಂಡುಕೊಂಡೆ. ಅಲ್ಲಿಂದ 2024ರ ಜನವರಿಯವರೆಗೆ, ಇಪ್ಪತ್ತಾರು ತಿಂಗಳು, ಭಾನುವಾರಗಳನ್ನೂ ಕಾಲೇಜಿನ ರಜಾದಿನಗಳನ್ನೂ ಕೊಟ್ಟು ಅದನ್ನು ಮನೆಯಲ್ಲೇ ಮೂಲಸ್ವರೂಪದ ಹತ್ತಿರಕ್ಕೆ ತಂದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ, ಭೌತಶಾಸ್ತ್ರದ ಅಧ್ಯಾಪಕ.

ಈ ಕಾರಿನ ವಂಶಾವಳಿಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದೆ ಬಿಡಿಭಾಗ ಹುಡುಕುವಾಗ ಆದ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿದವು. ಇಟಲಿಯ ಫಿಯೆಟ್ ಸಂಸ್ಥೆ 1953ರಲ್ಲಿ ಹೊರತಂದ 1100 ಮಾದರಿಯನ್ನು ಪ್ರೀಮಿಯರ್ ಸಂಸ್ಥೆ ಮರುವರ್ಷದಿಂದಲೇ ಭಾರತದಲ್ಲಿ ಜೋಡಿಸತೊಡಗಿತು. ಹಲವು ರೂಪಾಂತರಗಳ ನಂತರ 1964ರಲ್ಲಿ ಬಂದದ್ದು 1100 ಡಿ, ಅಂದರೆ ಡಿಲೈಟ್. ಇದೇ ಕಾರು ಎಪ್ಪತ್ತರ ದಶಕದ ಆರಂಭದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, 1974ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡು 2000ದ ಹೊತ್ತಿನವರೆಗೂ ತಯಾರಾಯಿತು. ಹೊರನೋಟಕ್ಕೆ ಒಂದೇ ಕಾರಿನಂತೆ ಕಂಡರೂ ಮೂವತ್ತೈದು ವರ್ಷಗಳಲ್ಲಿ ಒಳಗಿನ ಎಷ್ಟೋ ಭಾಗಗಳು ಬದಲಾಗಿವೆ. ಇನ್ನೊಂದು ತೊಡಕೆಂದರೆ, ಇಟಲಿಯಲ್ಲಿ ಮಾರಾಟವಾದ 1100 ಡಿ ಕಾರಿಗೆ 1221 ಸಿಸಿ ಎಂಜಿನ್ ಇತ್ತು, ಭಾರತದಲ್ಲಿ ತಯಾರಾದ ಡಿಲೈಟ್‌ಗೆ ಮಾತ್ರ ಹಳೆಯ 1089 ಸಿಸಿ ಎಂಜಿನ್ನೇ ಮುಂದುವರಿಯಿತು. ಎರಡರ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75 ಮಿ.ಮೀ. ಆದರೂ ಬೋರ್ (ಸಿಲಿಂಡರಿನ ಒಳವ್ಯಾಸ) ಬೇರೆ ಬೇರೆ: ಅಲ್ಲಿ 72, ಇಲ್ಲಿ 68. ಹೊರದೇಶದಿಂದ ಪುಸ್ತಕವನ್ನೋ ಪಿಸ್ಟನ್ ಸೆಟ್ಟನ್ನೋ ತರಿಸುವವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬಂದ ದಿನ ಕಾರಿನ ಸ್ಥಿತಿ ಹೀಗಿತ್ತು. ಎಂಜಿನ್ ಬಿಗಿದುಕೊಂಡು ತಿರುಗುತ್ತಿರಲಿಲ್ಲ. ಬ್ರೇಕ್ ಪೆಡಲ್ ಒತ್ತಿದರೆ ನೆಲಕ್ಕೆ ತಾಗುತ್ತಿತ್ತು. ಬ್ಯಾಟರಿಗೆ ವಿದ್ಯುತ್ ಕೊಡುವ ಹಳೆಯ ಡೈನಮೋ ಇದ್ದ ಜಾಗದಲ್ಲಿ ಅದೇ ಕೆಲಸದ ಹೊಸ ಕಾಲದ ಸಾಧನ, ಮಾರುತಿ 800ರ ಆಲ್ಟರ್ನೇಟರ್, ಕೂತಿತ್ತು. ಸೀಟಿಗೆ ಕಂದು ಬಣ್ಣದ ಅಗ್ಗದ ರೆಕ್ಸಿನ್ ಹೊದಿಸಿದ್ದರು. ಮೈಮೇಲೆ ಬಿಳಿ ಬಣ್ಣ ಬಳಿದಿತ್ತು. ಆದರೂ ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರ್, ಮುಂದಿನ ಉದ್ದ ಬೆಂಚ್ ಸೀಟಿನ ಚೌಕಟ್ಟು, ಎಲ್ಲ ಗಾಜುಗಳು, ಎಲ್ಲಕ್ಕಿಂತ ಮುಖ್ಯವಾಗಿ ದಾಖಲೆಯಲ್ಲಿದ್ದ ಸಂಖ್ಯೆಯದೇ ಎಂಜಿನ್ ಬ್ಲಾಕ್ ಮತ್ತು ಛಾಸಿ ಸಂಖ್ಯೆಯ ತಗಡು ಉಳಿದಿದ್ದವು. ನಂಬರ್ ಪ್ಲೇಟಿನಲ್ಲಿ ‘ಎಂವೈ’ ಎಂದು ಆರಂಭವಾಗುವ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ನೋಂದಣಿ ಸಂಖ್ಯೆಯಿತ್ತು. ಮನೆಯಲ್ಲಿ ಮಾಡಬಹುದಾದ ಕೆಲಸ ಇದು ಎಂದು ನಾನು ತೀರ್ಮಾನಿಸಿದ್ದು ಈ ಉಳಿದ ಭಾಗಗಳ ಆಧಾರದ ಮೇಲೆ. ಕೆಟ್ಟದ್ದನ್ನು ಸರಿಪಡಿಸಬಹುದು, ಇಲ್ಲದ್ದನ್ನು ಹುಡುಕುವುದೇ ಕಷ್ಟ.

ಬಿಚ್ಚುವ ಮುನ್ನ

ಮೊದಲ ಎರಡು ತಿಂಗಳು ನಾನು ಒಂದು ನಟ್ಟನ್ನೂ ಬಿಚ್ಚಲಿಲ್ಲ. ಕಾರನ್ನು ಸುತ್ತಿ, ಕೆಳಗೆ ನುಗ್ಗಿ, ಸಾವಿರದ ನಾನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಒಂದು ದಪ್ಪ ಲೆಕ್ಕದ ಪುಸ್ತಕದಲ್ಲಿ ಪ್ರತಿ ಭಾಗಕ್ಕೂ ಒಂದು ಪುಟ ಕೊಟ್ಟು, ಅದು ಕಾರ್ಖಾನೆಯಿಂದ ಬಂದದ್ದೇ, ನಂತರ ಬದಲಾದದ್ದೇ, ಹಾಗೆ ಹೇಳಲು ಕಾರಿನ ಮೈಯಲ್ಲಿ ಏನು ಸಾಕ್ಷಿಯಿದೆ ಎಂದು ಬರೆದೆ. ಮೂಲಸ್ವರೂಪ ಎಂಬುದು ನಮ್ಮ ನೆನಪಿನಲ್ಲಿ ಇರುವಂಥದ್ದಲ್ಲ, ಪುಸ್ತಕದ ಚಿತ್ರದಲ್ಲಿ ಇರುವಂಥದ್ದೂ ಅಲ್ಲ. ಅದು ಆ ಒಂದು ಕಾರಿನ ಮೂಲೆ ಮೂಲೆಗಳಲ್ಲಿ ಅಡಗಿರುತ್ತದೆ, ಮತ್ತು ಬಿಚ್ಚುವ ಅವಸರದಲ್ಲಿ ಮೊದಲು ಹಾಳಾಗುವುದು ಅದೇ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿರುವ ಟ್ಯೂರಿನ್ ಸನ್ನದಿನ ತಿರುಳೂ ಇದೇ: ಉಳಿದಿರುವುದನ್ನು ಉಳಿಸುವುದು ಮೊದಲು, ಹೊಸದಾಗಿ ಮಾಡುವುದು ಆಮೇಲೆ, ಮಾಡಿದ್ದನ್ನೆಲ್ಲ ಬರೆದಿಡುವುದು ಕಡ್ಡಾಯ.

ಬಣ್ಣದ ಸಾಕ್ಷಿ ಸಿಕ್ಕಿದ ಬಗೆಯನ್ನು ಇಲ್ಲಿ ಹೇಳಬೇಕು. ಎಡಗಡೆಯ ಹಿಂಬಾಗಿಲಿನ ಕಂಬದ ಮೇಲೆ, ಬಾಗಿಲು ಹಾಕಿದರೆ ಕಾಣದ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲವನ್ನು ನೀರು ಹಚ್ಚಿ ಸಣ್ಣ ಮರಳುಕಾಗದದಿಂದ ನಿಧಾನವಾಗಿ ತಿಕ್ಕಿದೆ. ಅಂಚಿನಿಂದ ನಡುವಿನ ಕಡೆಗೆ ಒಂದೊಂದೇ ಪದರ ಸವೆದು, ಹಲಸಿನ ಮರದ ಬುಡ ಕೊಯ್ದಾಗ ಕಾಣುವ ಬಳೆಗಳಂತೆ ಬಿಳಿ, ಅದರೊಳಗೆ ಕಡುಗೆಂಪು, ಅದರೊಳಗೆ ತಿಳಿ ಬೂದುನೀಲಿ, ಕೊನೆಗೆ ಕೆಂಗಂದಿನ ಪ್ರೈಮರ್ ಕಾಣಿಸಿತು. ಆ ಬೂದುನೀಲಿಯೇ ಡ್ಯಾಶ್‌ಬೋರ್ಡಿನ ಹಿಂದೆಯೂ ಬಾಗಿಲಿನ ಒಳಹಲಗೆಯ ಅಡಿಯಲ್ಲೂ, ಬಿಸಿಲು ಕಾಣದ ಜಾಗಗಳಲ್ಲಿ, ಐವತ್ತು ವರ್ಷದ ಹಿಂದೆ ಸಿಂಪಡಿಸಿದ ಹಾಗೆಯೇ ಇತ್ತು. ವೈದ್ಯರ ಹಿರಿಯ ಮಗಳಿಗೆ ಕೂಡ ಕಾರು ಕಡುಗೆಂಪಾಗಿದ್ದ ನೆನಪೇ ಇತ್ತೇ ಹೊರತು ನೀಲಿಯ ನೆನಪಿರಲಿಲ್ಲ.

ಇಷ್ಟು ಎಚ್ಚರವಿದ್ದೂ ಒಂದು ಸಾಕ್ಷಿಯನ್ನು ನಾನೇ ಕಳೆದೆ. ಕಾಲಡಿಯ ರಬ್ಬರ್ ಚಾಪೆಯ ಕೆಳಗೆ ಟಾರು ಹಚ್ಚಿದ ದಪ್ಪ ಹೊದಿಕೆಯೊಂದಿತ್ತು. ನೀರು ಕುಡಿದು ಕೊಳೆತು ವಾಸನೆ ಬರುತ್ತಿದ್ದುದರಿಂದ ಅದನ್ನು ಕಿತ್ತು ಗೊಬ್ಬರದ ಗುಂಡಿಯ ಪಕ್ಕ ಎಸೆದೆ. ಅದರ ಆಕಾರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು ಎಂದು ಹೊಳೆದದ್ದು ಒಂದೂವರೆ ವರ್ಷದ ನಂತರ, ಹೊಸ ಹೊದಿಕೆ ಕತ್ತರಿಸಲು ಕೂತಾಗ. ಈಗ ಕಾರಿನಲ್ಲಿರುವ ಹೊದಿಕೆ ನನ್ನ ಅಂದಾಜಿನದು.

ತಗಡಿನ ಕೆಲಸ

ಈ ಕಾರಿಗೆ ಪ್ರತ್ಯೇಕ ಛಾಸಿ ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಸಿಲ್, ಕಂಬಗಳು, ಚಾವಣಿ ಎಲ್ಲವೂ ಸೇರಿ ಒಂದೇ ಚಿಪ್ಪಿನಂತೆ ಭಾರ ಹೊರುತ್ತವೆ. ಹೀಗಾಗಿ ನೆಲಕ್ಕೆ ಹಿಡಿದ ತುಕ್ಕು ಇಲ್ಲಿ ಅಂದಗೇಡಿನ ಪ್ರಶ್ನೆಯಲ್ಲ, ಕಾರಿನ ಬೆನ್ನೆಲುಬಿನ ಪ್ರಶ್ನೆ. ಮಲೆನಾಡಿನಲ್ಲಿ ನಾಲ್ಕು ತಿಂಗಳ ಮಳೆಯ ತೇವ ಒಳಗೆ ಸೇರಿದರೆ ಹೊರಗೆ ಹೋಗುವುದು ಕಷ್ಟ. ಸಿಲ್‌ನ ಅಡಿಯಲ್ಲಿ ನೀರು ಬಸಿಯಲು ಇರುವ ಸಣ್ಣ ತೂತುಗಳನ್ನು ಹಿಂದೆ ಯಾರೋ ಟಾರು ಬಳಿಯುವಾಗ ಮುಚ್ಚಿಬಿಟ್ಟಿದ್ದರು. ಸ್ಕ್ರೂಡ್ರೈವರ್ ಹಿಡಿದು ನೆಲದ ತಗಡನ್ನು ಗೇಣಿಗೊಂದರಂತೆ ತಟ್ಟುತ್ತ ಹೋದೆ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತಿತ್ತು, ತುಕ್ಕು ತಿಂದಲ್ಲಿ ದಪ್ಪ ರಟ್ಟಿಗೆ ಬಡಿದ ಹಾಗೆ ಮಂಕಾದ ಸದ್ದು. ಚಾಲಕನ ಹಿಮ್ಮಡಿ ಇಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಸದ್ದೇ ಇಲ್ಲದೆ ಹಿಡಿಯವರೆಗೆ ಒಳಗಿಳಿಯಿತು. ಎರಡೂ ಮುಂಭಾಗದ ನೆಲ, ಎಡ ಸಿಲ್ ಪೂರ್ತಿ, ಬಲ ಸಿಲ್‌ನ ಹಿಂದಿನ ಮೂರನೇ ಒಂದು ಭಾಗ, ಬ್ಯಾಟರಿ ಕೂರುವ ತಟ್ಟೆ ಮತ್ತು ನಾಲ್ಕೂ ಬಾಗಿಲುಗಳ ಕೆಳಅಂಚು ಹೊಸದಾಗಬೇಕಿತ್ತು.

ಇಲ್ಲಿ ಮೊದಲ ದೊಡ್ಡ ಆಯ್ಕೆ ಎದುರಾಯಿತು. ಊರಿನ ಟಿಂಕರಿಂಗ್ ಶೆಡ್ಡಿನವರು ಹಳೆಯ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ಸುತ್ತ ಗ್ಯಾಸ್ ವೆಲ್ಡಿಂಗ್ ಮಾಡಿ, ಉಳಿದದ್ದನ್ನು ಪುಟ್ಟಿಯಲ್ಲಿ ತುಂಬಿ, ಹದಿನೈದು ದಿನದಲ್ಲಿ ಕೊಡುವುದಾಗಿ ಹೇಳಿದರು. ಎರಡು ತಗಡುಗಳ ನಡುವೆ ಸಿಕ್ಕಿಬಿದ್ದ ತುಕ್ಕು ಒಳಗೊಳಗೇ ಬೆಳೆಯುತ್ತದೆ, ಪುಟ್ಟಿ ತೇವ ಹೀರುತ್ತದೆ. ಅಂಥ ಕೆಲಸ ನಮ್ಮ ಹವೆಯಲ್ಲಿ ಮೂರು ಮಳೆಗಾಲ ಬಾಳುವುದೇ ಹೆಚ್ಚು. ನಾನು ಒಂದು ಚಿಕ್ಕ ಮಿಗ್ ವೆಲ್ಡಿಂಗ್ ಯಂತ್ರ (ಬೆಸುಗೆಯ ತಂತಿಯನ್ನು ತಾನೇ ಉಣಿಸುವ ವಿದ್ಯುತ್ ಯಂತ್ರ) ಕೊಂಡು, ಕಾರನ್ನು ಮುಟ್ಟುವ ಮೊದಲು ಎರಡು ತಿಂಗಳು ಚೂರು ತಗಡುಗಳ ಮೇಲೆ ಕೈ ಪಳಗಿಸಿಕೊಂಡೆ. ಬೆಸೆದ ತುಂಡನ್ನು ವೈಸ್‌ಗೆ ಕಚ್ಚಿಸಿ ಮುರಿಯುವವರೆಗೆ ಬಾಗಿಸುವುದು, ಬೆಸುಗೆ ಬಿಡದೆ ಪಕ್ಕದ ತಗಡೇ ಹರಿದರೆ ಮಾತ್ರ ಅದನ್ನು ಪಾಸು ಎಂದು ಬರೆಯುವುದು, ಇದು ನಾನು ಇಟ್ಟುಕೊಂಡ ಪರೀಕ್ಷೆ.

ಸಿಲ್ ಕತ್ತರಿಸುವ ಮುನ್ನ ಮಾಡಲೇಬೇಕಾದ ಕೆಲಸವೊಂದಿದೆ. ಮನೆಯಲ್ಲಿ ಈ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಮರೆಯುವುದೂ ಇದನ್ನೇ. ಸಿಲ್ ತೆಗೆದ ಕ್ಷಣ ಚಿಪ್ಪು ನಡುವಿನಲ್ಲಿ ಕುಸಿಯತೊಡಗುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಬೆಸೆದರೂ ಬಾಗಿಲುಗಳು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬಾಗಿಲುಗಳ ಸುತ್ತಲಿನ ಸಂದು ಎಲ್ಲೆಲ್ಲಿ ಎಷ್ಟು ಎಂದು ಮೊದಲೇ ಅಳೆದು ಬರೆದುಕೊಂಡು, ಪ್ರತಿ ಬಾಗಿಲ ಬಾಯಿಗೂ ಅಡ್ಡಡ್ಡ ಮತ್ತು ಮೂಲೆಯಿಂದ ಮೂಲೆಗೆ ಚೌಕ ಪೈಪುಗಳನ್ನು ತಾತ್ಕಾಲಿಕವಾಗಿ ಬೆಸೆದು, ಕಾರನ್ನು ಆರು ಕಡೆ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಸಮಮಟ್ಟದಲ್ಲಿ ಕೂರಿಸಿದೆ. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ಹೋಗಬಾರದು ಎಂಬುದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿದ್ದೆ. ಒಮ್ಮೆಗೆ ಒಂದು ಕಡೆಯ ಸಿಲ್ ಮಾತ್ರ ಕತ್ತರಿಸಿ, ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದೆ.

ಹೊಸ ಸಿಲ್‌ಗಳನ್ನು 1.2 ಮಿ.ಮೀ. ತಗಡಿನಲ್ಲಿ ಶಿವಮೊಗ್ಗದ ಒಂದು ಬೆಂಡಿಂಗ್ ಯಂತ್ರದಲ್ಲಿ ಮಡಿಸಿಕೊಂಡು ಬಂದೆ, ನೆಲದ ತುಂಡುಗಳನ್ನು ಮರದ ಅಚ್ಚಿನ ಮೇಲೆ ಬಡಿದು ನಾನೇ ರೂಪಿಸಿದೆ. ಕಾರ್ಖಾನೆಯಲ್ಲಿ ಈ ತಗಡುಗಳನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಸೇರಿಸಿದ್ದರು. ಅಂಚಿನುದ್ದಕ್ಕೂ ಸಮ ಅಂತರದಲ್ಲಿ ಸಣ್ಣ ದುಂಡು ಗುಳಿಗಳು ಸಾಲಾಗಿ ಕಾಣುತ್ತವೆ. ನನ್ನಲ್ಲಿ ಆ ಯಂತ್ರವಿರಲಿಲ್ಲವಾದ್ದರಿಂದ, ಹಳೆಯ ಗುಳಿಗಳ ಅಂತರವನ್ನೇ ಅಳೆದು, ಮೇಲಿನ ತಗಡಿಗೆ ಅಷ್ಟಷ್ಟು ದೂರದಲ್ಲಿ 6 ಮಿ.ಮೀ. ತೂತು ಕೊರೆದು, ಆ ತೂತಿನ ಮೂಲಕ ಕೆಳಗಿನ ತಗಡಿಗೆ ಬೆಸುಗೆ ತುಂಬಿ, ಮೇಲೆ ಅರದಿಂದ ಸಮಮಾಡಿದೆ. ಬಣ್ಣ ಬಿದ್ದ ಮೇಲೆ ಹಳೆಯ ಸಾಲಿಗೂ ಹೊಸ ಸಾಲಿಗೂ ವ್ಯತ್ಯಾಸ ಹುಡುಕಬೇಕಾದರೆ ಬೆರಳಾಡಿಸಿ ನೋಡಬೇಕು. ಸಿಲ್‌ನ ಒಳಗೆ ಸತುವಿನ ಪ್ರೈಮರ್ ಹಚ್ಚಿ, ಬೆಸುಗೆಯೆಲ್ಲ ಮುಗಿದ ಮೇಲೆ ತೆಳು ಮೇಣವನ್ನು ಉದ್ದ ನಳಿಕೆಯಿಂದ ಸಿಂಪಡಿಸಿ, ಬಸಿಯುವ ತೂತುಗಳನ್ನು ಮತ್ತೆ ತೆರೆದೆ. ಪೈಪುಗಳನ್ನು ಕತ್ತರಿಸಿ ತೆಗೆದ ದಿನ ಬಾಗಿಲುಗಳ ಸಂದುಗಳನ್ನು ಮತ್ತೆ ಅಳೆದಾಗ, ಎಡ ಮುಂಬಾಗಿಲಿನ ಮೇಲ್ತುದಿಯಲ್ಲಿ ಒಂದು ಮಿ.ಮೀ. ವ್ಯತ್ಯಾಸ ಬಿಟ್ಟರೆ ಉಳಿದದ್ದೆಲ್ಲ ಮೊದಲಿನ ಅಂಕಿಗಳಿಗೇ ಬಂದಿತ್ತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಸಂಜೆ ಅದು.

ತಗಡಿನ ಕೆಲಸಕ್ಕೆ 2022ರ ಮಾರ್ಚ್‌ನಿಂದ ಮೇ ಕೊನೆಯವರೆಗೆ ಹಿಡಿಯಿತು. ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಬರಿ ತಗಡೆಲ್ಲ ಪ್ರೈಮರ್ ಅಡಿಯಲ್ಲಿ ಇರಲೇಬೇಕಿತ್ತು.

ಎಂಜಿನ್

ಬಿಗಿದುಕೊಂಡ ಎಂಜಿನ್ನನ್ನು ಬಲವಂತವಾಗಿ ತಿರುಗಿಸಲು ಹೋದರೆ ಪಿಸ್ಟನ್ ಸುತ್ತಲಿನ ರಿಂಗುಗಳು ಮುರಿಯುವ ಅಪಾಯವಿರುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ನಾಲ್ಕೂ ಸಿಲಿಂಡರಿಗೆ ಸೀಮೆಎಣ್ಣೆ ಮತ್ತು ತೆಳು ಎಂಜಿನ್ ಆಯಿಲ್ ಬೆರೆಸಿ ಸುರಿದು ಹದಿನೈದು ದಿನ ಬಿಟ್ಟೆ. ಹದಿನಾರನೆಯ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಮೆಲ್ಲಗೆ ಒತ್ತಿದಾಗ ಸ್ವಲ್ಪವೇ ಕದಲಿತು. ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ಒಂದು ಗಂಟೆಯಲ್ಲಿ ಪೂರ್ತಿ ಸುತ್ತು ಬಂತು. ನಂತರ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಪರೀಕ್ಷಿಸಿದಾಗ ಮೂರು ಸಿಲಿಂಡರುಗಳು 85ರಿಂದ 95 ಪಿಎಸ್ಐ ತೋರಿಸಿದರೆ ಮೂರನೆಯದು 40ನ್ನು ದಾಟಲಿಲ್ಲ. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ 75ಕ್ಕೆ ಏರಿತು. ಆಯಿಲ್ ಹಾಕಿದಾಗ ಒತ್ತಡ ಏರಿದರೆ ದೋಷ ರಿಂಗ್ ಮತ್ತು ಬೋರಿನಲ್ಲಿದೆ, ಏರದಿದ್ದರೆ ವಾಲ್ವಿನಲ್ಲಿ. ಹಾಗಾಗಿ ಎಂಜಿನ್ನನ್ನು ಇಳಿಸುವುದು ಅನಿವಾರ್ಯವಾಯಿತು. ಈ ಕಾರಿನ ನಟ್ಟು ಬೋಲ್ಟುಗಳೆಲ್ಲ ಮಿ.ಮೀ. ಅಳತೆಯವು. ಅಂಬಾಸಿಡರ್ ಬಿಚ್ಚುವವರಿಗೆ ಬೇಕಾಗುವ ಇಂಚಿನ ಸ್ಪ್ಯಾನರುಗಳ ಗೋಜು ಇಲ್ಲಿಲ್ಲ, ಮನೆಯಲ್ಲಿದ್ದ ಸಾಮಾನುಗಳೇ ಬಹುಪಾಲು ಸಾಕಾದವು.

ಪಿಸ್ಟನ್ನುಗಳ ತಲೆಯ ಮೇಲೆ 0.6 ಎಂದು ಒತ್ತಿತ್ತು. ಅಂದರೆ ಎಂದೋ ಒಮ್ಮೆ ಬೋರ್ ಕೆಲಸವಾಗಿ, 68 ಇದ್ದದ್ದು 68.6 ಆಗಿತ್ತು. ಈಗ ಮೂರನೆಯ ಸಿಲಿಂಡರಿನ ಮೇಲ್ಭಾಗದಲ್ಲಿ, ರಿಂಗ್ ತಿರುಗಿ ಬರುವ ಜಾಗದಲ್ಲಿ, 68.83 ಸಿಕ್ಕಿತು. ಇನ್ನೂ ದೊಡ್ಡ ಪಿಸ್ಟನ್ ಹಾಕುವುದು, ಪದ್ಮಿನಿಯದೊಂದು ಬ್ಲಾಕನ್ನು ಗುಜರಿಯಿಂದ ತಂದು ಕೂರಿಸುವುದು, ಇಲ್ಲವೇ ಇದೇ ಬ್ಲಾಕಿನ ಸಿಲಿಂಡರುಗಳಿಗೆ ಹೊಸ ಸ್ಲೀವ್ (ಒಳಕೊಳವೆ) ಒತ್ತಿ ಮತ್ತೆ 68ಕ್ಕೆ ತರುವುದು, ಈ ಮೂರರಲ್ಲಿ ಅತ್ಯಂತ ಅಗ್ಗದ್ದು ಎರಡನೆಯದು. ಆದರೆ ಬ್ಲಾಕ್ ಬದಲಾದರೆ ಕಾರಿನ ದಾಖಲೆಯಲ್ಲಿರುವ ಎಂಜಿನ್ ಸಂಖ್ಯೆ ಬದಲಾಗುತ್ತದೆ, ಕುರ್ಲಾದಲ್ಲಿ ಈ ಮೈಗೆ ಕೂರಿಸಿದ ಹೃದಯ ಹೋಗುತ್ತದೆ. ನಾನು ಸ್ಲೀವ್ ಹಾಕಿಸಿದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಲೇತ್ ಮತ್ತು ಬೋರಿಂಗ್ ಯಂತ್ರ ಬೇಕು. ಕೊಡುವಾಗ ಪಿಸ್ಟನ್ನುಗಳನ್ನೂ ಜೊತೆಗೇ ಕೊಟ್ಟು, ಪ್ರತಿಯೊಂದು ಸಿಲಿಂಡರನ್ನೂ ಅದಕ್ಕೆ ಸೇರುವ ಪಿಸ್ಟನ್ನಿಗೇ ಅಳೆದು ಹೋನ್ ಮಾಡಲು (ಒಳಮೈ ಉಜ್ಜಿ ಹದಗೊಳಿಸಲು) ಬರೆದುಕೊಟ್ಟೆ. 68ರ ಅಳತೆಯ ಪಿಸ್ಟನ್ ಸೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ದಾಸ್ತಾನಿನಿಂದ ಸಿಕ್ಕಿತು.

ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಎರಡು ಲೋಹಗಳ ನಡುವೆ ಬರಿಯ ನೀರು ವರ್ಷಗಟ್ಟಲೆ ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಹೆಡ್‌ನ ನೀರಿನ ತೂತುಗಳ ಸುತ್ತ ಗೆದ್ದಲು ತಿಂದಂತೆ ಆಗಿತ್ತು. ಆ ಜಾಗಗಳನ್ನು ಅಲ್ಯೂಮಿನಿಯಂ ಬೆಸುಗೆಯಿಂದ ತುಂಬಿಸಿ ಮುಖವನ್ನು ಸಮತಟ್ಟು ಮಾಡಿಸಿದ್ದಾಯಿತು. ಇದೇ ಸಂದರ್ಭದಲ್ಲಿ ಎಕ್ಸಾಸ್ಟ್ ವಾಲ್ವುಗಳ ಸೀಟನ್ನು ಗಡಸು ಲೋಹದ್ದಕ್ಕೆ ಬದಲಿಸಿದೆ. ಈ ಎಂಜಿನ್ ರೂಪುಗೊಂಡದ್ದು ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ. ಆ ಸೀಸವೇ ವಾಲ್ವ್ ಸೀಟಿಗೆ ರಕ್ಷಣೆಯಾಗಿತ್ತು. 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿದೆ.

ಬಣ್ಣ ಮತ್ತು ಕ್ರೋಮ್

ಕೆಳಪದರದ ನೀಲಿಯ ಮೇಲೆ ಥಿನ್ನರ್ ಅದ್ದಿದ ಬಟ್ಟೆ ಒರೆಸಿದಾಗ ಬಣ್ಣ ಕರಗಿ ಬಟ್ಟೆಗೆ ಹತ್ತಿಕೊಂಡಿತು. ಹೀಗೆ ಕರಗುವುದು ನೈಟ್ರೊಸೆಲ್ಯುಲೋಸ್ ಬಣ್ಣದ ಲಕ್ಷಣ, ನಮ್ಮ ಪೇಂಟರುಗಳ ಬಾಯಲ್ಲಿ ಡ್ಯೂಕೊ. ಈಗ ಎಲ್ಲರೂ ಬಳಸುವ ಪಿಯು (ಪಾಲಿಯುರಿಥೇನ್) ಬಣ್ಣ ಹೆಚ್ಚು ಹೊಳೆಯುತ್ತದೆ, ಹೆಚ್ಚು ಬಾಳುತ್ತದೆ. ಆದರೆ ಅದರ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಗಂಭೀರ ಹಾನಿ ಮಾಡಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ ಮತ್ತು ಸರಿಯಾದ ಬೂತ್ ಇಲ್ಲದೆ ಮನೆಯಲ್ಲಿ ಅದನ್ನು ಸಿಂಪಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೂಲದ್ದೂ ಆಗಿದ್ದ, ನನ್ನ ಕೊಟ್ಟಿಗೆಗೂ ಹೊಂದುತ್ತಿದ್ದ ಡ್ಯೂಕೊವನ್ನೇ ಆರಿಸಿಕೊಂಡೆ. ಅದಕ್ಕೂ ಇದ್ದಿಲಿನ ಫಿಲ್ಟರ್ ಇರುವ ಮುಖವಾಡ ಬೇಕು, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು. ಆ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯನ್ನು ಹಚ್ಚದೆ ಇಟ್ಟಿದ್ದೆವು.

ಡ್ಯೂಕೊದ ಶತ್ರು ತೇವ. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನಂಶ ಅಲ್ಲಿ ಕೂರುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ಆದ್ದರಿಂದ 2022ರ ಡಿಸೆಂಬರ್‌ನಿಂದ ಮರುವರ್ಷದ ಫೆಬ್ರವರಿಯವರೆಗೆ, ಬೆಳಗಿನ ಮಂಜು ಆರಿ ಹತ್ತು ಗಂಟೆ ಆದ ಮೇಲೆ ಮಾತ್ರ ಗನ್ ಹಿಡಿಯುತ್ತಿದ್ದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ತೆಗೆದ ಒಂದು ಚಿಕ್ಕ ತಗಡನ್ನು ಶಿವಮೊಗ್ಗದ ಬಣ್ಣದಂಗಡಿಗೆ ಒಯ್ದು, ಹಗಲು ಬೆಳಕಿನಲ್ಲಿ ಅಂಗಡಿಯ ಹೊರಗೆ ನಿಂತು ಐದನೆಯ ಪ್ರಯತ್ನಕ್ಕೆ ಬಣ್ಣ ಹೊಂದಿಸಿಕೊಂಡಿದ್ದೆ. ತೆಳುವಾಗಿ ಹತ್ತು ಪದರ, ನಡುವೆ ನೀರುಕಾಗದದ ಉಜ್ಜಾಟ, ಕೊನೆಗೆ ಕೈಯಿಂದಲೇ ಪಾಲಿಶ್. ಕನ್ನಡಿಯಂಥ ಹೊಳಪು ಬರಲಿಲ್ಲ, ಬರುವುದು ನನಗೆ ಬೇಕಾಗಿಯೂ ಇರಲಿಲ್ಲ. ಈ ಕಾರು ಹೊಸದಾಗಿದ್ದಾಗಲೂ ಅದರ ಬಣ್ಣಕ್ಕೆ ಇದ್ದದ್ದು ಒಂದು ಮೆದುವಾದ ಹೊಳಪು.

ಕ್ರೋಮ್ ವಿಷಯದಲ್ಲಿ ಆದ ನಷ್ಟ ಇಂದಿಗೂ ಮನಸ್ಸಿಗೆ ನೋವು ಕೊಡುತ್ತದೆ. ಬಂಪರುಗಳು ಉಕ್ಕಿನವು, ಬಾನೆಟ್ ಮೇಲಿನ ಲಾಂಛನ, ಬಾಗಿಲ ಹಿಡಿಗಳು ಸತುವಿನ ಮಿಶ್ರಲೋಹದ ಎರಕದವು. ಹಳೆಯ ಲೇಪ ತೆಗೆಯಲು ಉಕ್ಕಿಗೆ ಬಳಸುವ ಆಮ್ಲದ ತೊಟ್ಟಿಗೆ ಸತುವನ್ನು ಹಾಕಿದರೆ ಅದು ಕರಗುತ್ತದೆ. ಇದನ್ನು ನಾನು ಬಾಯಲ್ಲಿ ಹೇಳಿದ್ದೆ, ಚೀಟಿ ಬರೆದು ಕಟ್ಟಿರಲಿಲ್ಲ. ಲೇಪ ಹಾಕುವವರು ಎಲ್ಲವನ್ನೂ ಒಂದೇ ತಂತಿಗೆ ಪೋಣಿಸಿ ಒಂದೇ ತೊಟ್ಟಿಗೆ ಇಳಿಸಿದ್ದರು. ಎರಡು ವಾರದ ನಂತರ ಹೋದಾಗ ನನ್ನ ಕೈಗೆ ಬಂದ ಲಾಂಛನ ಉಪ್ಪಿನಕಾಯಿ ಭರಣಿಯಲ್ಲಿ ವರ್ಷವಿಡೀ ಬಿದ್ದ ಚಮಚದಂತಿತ್ತು. ಅಂಚುಗಳು ದುಂಡಗಾಗಿ, ಮೈಯೆಲ್ಲ ಸೂಜಿಮೊನೆಯ ತೂತುಗಳಾಗಿ, ಹಿಂದಿನ ಎರಡು ಸ್ಕ್ರೂ ಕಂಬಗಳಲ್ಲಿ ಒಂದು ಇರಲೇ ಇಲ್ಲ. ಬಾಗಿಲ ಹಿಡಿಗಳಲ್ಲಿ ಎರಡು ಉಳಿದವು, ಎರಡು ಹೋದವು. ಹಿಡಿಗಳಿಗೆ ಬದಲಿ ಸಿಕ್ಕಿತು. ಲಾಂಛನಕ್ಕೆ ನನ್ನ ಫೋಟೊಗಳನ್ನು ಆಧರಿಸಿ ಹಿತ್ತಾಳೆಯಲ್ಲಿ ಹೊಸದೊಂದನ್ನು ಎರಕ ಹೊಯ್ಯಿಸಿ ಕ್ರೋಮ್ ಹಾಕಿಸಿದೆ. ಅದರ ಹಿಂಬದಿಯಲ್ಲಿ, ಮುಂದೆ ಯಾರೂ ಅದನ್ನು ಮೂಲದ್ದೆಂದು ತಪ್ಪು ತಿಳಿಯದಂತೆ, ‘2023’ ಎಂದು ಕೊರೆಸಿದ್ದೇನೆ.

ಹಿಂತಿರುಗಿಸಿದ್ದು, ಹಿಂತಿರುಗಿಸದೆ ಬಿಟ್ಟದ್ದು

ಆಲ್ಟರ್ನೇಟರ್ ತೆಗೆದು ಡೈನಮೋ ಹಾಕುವ ನಿರ್ಧಾರವನ್ನು ಬಹಳ ಜನ ವಿರೋಧಿಸಿದರು. ಡೈನಮೋ ಕಡಿಮೆ ವೇಗದಲ್ಲಿ ಸಾಕಷ್ಟು ವಿದ್ಯುತ್ ಕೊಡುವುದಿಲ್ಲ. ರಾತ್ರಿ ಊರೊಳಗೆ ನಿಧಾನ ಹೋಗುವಾಗ ದೀಪ ಮಂಕಾಗುತ್ತದೆ. ಆದರೂ ಬಾನೆಟ್ ಎತ್ತಿದಾಗ ಕಾಣುವುದು ಅದೇ. ಅದರ ಜೊತೆಗೆ ಡೈನಮೋದ ವಿದ್ಯುತ್ತನ್ನು ನಿಯಂತ್ರಿಸುವ ಕಟೌಟ್ ಪೆಟ್ಟಿಗೆ, ವೈರುಗಳ ದಾರಿ, ಎಲ್ಲವೂ ಸೇರಿ ಒಂದು ವ್ಯವಸ್ಥೆ. ಆಲ್ಟರ್ನೇಟರಿಗಾಗಿ ಹಿಂದೆ ಕೊಯ್ದಿದ್ದ ಬ್ರಾಕೆಟನ್ನು ಮೊದಲಿನಂತೆ ಬೆಸೆದೆ. ರಾತ್ರಿ ಪ್ರಯಾಣ ಈ ಕಾರಿಗೆ ಅಷ್ಟಾಗಿ ಇಲ್ಲವಾದ್ದರಿಂದ ನನ್ನ ಮಟ್ಟಿಗೆ ಇದು ಸರಿಯಾದ ಆಯ್ಕೆ. ದಿನವೂ ಓಡಿಸುವವರಿಗೆ ನಾನು ಹೀಗೆ ಹೇಳಲಾರೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಮೂಲಸ್ವರೂಪಕ್ಕೆ ಜೋತುಬೀಳಲಿಲ್ಲ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಎಲ್ಲಕ್ಕೂ ಒಂದೇ ದ್ರವದ ದಾರಿ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ವಿನ್ಯಾಸವನ್ನು ಬದಲಿಸದೆ, ಉಕ್ಕಿನ ಪೈಪುಗಳನ್ನೆಲ್ಲ ತಾಮ್ರ-ನಿಕಲ್ ಮಿಶ್ರಲೋಹದ್ದಕ್ಕೆ ಬದಲಿಸಿದೆ, ಮಾಸ್ಟರ್ ಸಿಲಿಂಡರಿಗೆ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿದೆ, ರಬ್ಬರ್ ಹೋಸುಗಳು, ಕಪ್ಪುಗಳು ಎಲ್ಲ ಹೊಸವು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಊದಿ ತೆಗೆಯದೆ, ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿದೆ. ಟೈರು ಮೂಲದಲ್ಲಿ 5.20-14 ಅಳತೆಯ ಕ್ರಾಸ್‌ಪ್ಲೈ, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿ ಹೆಣೆದುಕೊಂಡ ಹಳೆಯ ಬಗೆಯದು. ಈಗ ಇರುವುದು ಅದೇ ರಿಮ್ಮಿಗೆ ಕೂರುವ ರೇಡಿಯಲ್. ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಹೆಚ್ಚುತ್ತಿದ್ದು, 2023ರಿಂದ ಶೇ. 20 ಬೆರೆತದ್ದೂ ಬಂದಿರುವುದರಿಂದ, ಹಳೆಯ ರಬ್ಬರ್ ಅದನ್ನು ತಾಳುವುದಿಲ್ಲ. ಪಂಪಿನ ಡಯಾಫ್ರಮ್ ಮತ್ತು ಪೆಟ್ರೋಲ್ ಹೋಸುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿದೆ. ಎಥನಾಲ್ ನೀರು ಹೀರುವುದರಿಂದ, ಮಳೆಗಾಲದಲ್ಲಿ ಕಾರು ನಿಲ್ಲುವ ಮುನ್ನ ಟ್ಯಾಂಕನ್ನು ಖಾಲಿ ಮಾಡಿ ಒಣಗಿಸುತ್ತೇನೆ. ತೆಗೆದ ಹಳೆಯ ಭಾಗಗಳೆಲ್ಲ ಹೆಸರು ಬರೆದ ಡಬ್ಬಗಳಲ್ಲಿ ಅಟ್ಟದ ಮೇಲಿವೆ.

ಬಿಡಿಭಾಗಗಳ ಹುಡುಕಾಟದ ಬಗ್ಗೆ ಒಂದು ಮಾತು. ಇಷ್ಟು ವರ್ಷ ಈ ಕಾರಿನ ಸಾಮಾನು ಸುಲಭವಾಗಿ ಸಿಗುತ್ತಿದ್ದುದಕ್ಕೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ದೊಡ್ಡ ಕಾರಣ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಸರಿಯಿತು. ನನ್ನ ಕಾರು ರಸ್ತೆಗಿಳಿಯುವ ಮೂರು ತಿಂಗಳ ಹಿಂದಿನ ಮಾತಿದು. ಕುರ್ಲಾದ ಅಂಗಡಿಯೊಂದರಲ್ಲಿ ಕಿಂಗ್‌ಪಿನ್ (ಮುಂಚಕ್ರಗಳು ಪಕ್ಕಕ್ಕೆ ತಿರುಗುವ ಕೀಲು) ಸೆಟ್ಟನ್ನು ಎರಡು ಜೊತೆ ಕೊಂಡು ತಂದೆ. ಎರಡನೆಯದು ನನಗಲ್ಲ, ಮುಂದೆ ಈ ಕಾರು ಯಾರ ಕೈಗೆ ಹೋಗುವುದೋ ಅವರಿಗೆ.

ಕಾಗದಪತ್ರ, ಖರ್ಚು, ಈಗಿನ ಸ್ಥಿತಿ

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಛಾಸಿ, ಮೈ, ಎಂಜಿನ್ ಮೂಲರೂಪದಲ್ಲಿರುವ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆಗಲೇ ನೋಂದಣಿಯಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೂ ಮದುವೆಮನೆಗೂ ಹೋಗಬೇಕಾದ ಕಾರು ಇದು ಎಂದುಕೊಂಡಿದ್ದ ನಾನು ಸಾಮಾನ್ಯ ನವೀಕರಣವನ್ನೇ ಆರಿಸಿಕೊಂಡೆ. ಹದಿನೈದು ವರ್ಷ ಮೀರಿದ ಕಾರಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿದ್ದ 5,000 ರೂಪಾಯಿ ಶುಲ್ಕ, ವಿಳಂಬದ ದಂಡ, ಹಸಿರು ತೆರಿಗೆ ಕಟ್ಟಿ, ತಪಾಸಣೆಗೆ ಒಯ್ದೆ. ಎಂಜಿನ್ ಸಂಖ್ಯೆ ದಾಖಲೆಯೊಂದಿಗೆ ಹೊಂದಿದ್ದರಿಂದ ಆ ದಿನ ಯಾವ ಪ್ರಶ್ನೆಯೂ ಏಳಲಿಲ್ಲ. ಬ್ಲಾಕ್ ಉಳಿಸಿಕೊಂಡದ್ದರ ಬೆಲೆ ಅಲ್ಲಿ ತಿಳಿಯಿತು.

ಖರ್ಚಿನ ಲೆಕ್ಕ, ಕಾರಿನ ಬೆಲೆ ಬಿಟ್ಟು, ಹೀಗಿದೆ: ತಗಡು ಮತ್ತು ವೆಲ್ಡಿಂಗ್ ಯಂತ್ರಕ್ಕೆ 72,000, ಬಣ್ಣಕ್ಕೆ 64,000, ಎಂಜಿನ್ನಿಗೆ 58,000, ಸೀಟು ಮತ್ತು ರಬ್ಬರುಗಳಿಗೆ 46,000, ಬ್ರೇಕು ಮತ್ತು ಸಸ್ಪೆನ್ಷನ್‌ಗೆ 41,000, ಕ್ರೋಮಿಗೆ 29,000, ಓಡಾಟ ಮತ್ತು ಸಾಗಾಟಕ್ಕೆ 23,000, ವಿದ್ಯುತ್ ಕೆಲಸಕ್ಕೆ 17,000. ಒಟ್ಟು ಮೂರೂವರೆ ಲಕ್ಷ. ಕಾರಿನ ಬೆಲೆ ಸೇರಿದರೆ 4,35,000 ರೂಪಾಯಿ. ನನ್ನ ಸಮಯಕ್ಕೆ ಬೆಲೆ ಕಟ್ಟಿಲ್ಲ. ಮಾರಿದರೆ ಈ ಹಣ ಹಿಂತಿರುಗುವುದೆಂಬ ಲೆಕ್ಕ ಹಾಕಿಕೊಂಡು ಈ ಕೆಲಸಕ್ಕೆ ಇಳಿಯುವುದು ಬೇಡ.

ಈಗ ಕಾರು ತಿಂಗಳಿಗೆ ಮೂರು ನಾಲ್ಕು ಬಾರಿ ಓಡುತ್ತದೆ. ಸುಮಾರು 40 ಅಶ್ವಶಕ್ತಿಯ ಎಂಜಿನ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಿರಾಳವಾಗಿರುತ್ತದೆ. ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ) ಇಲ್ಲವಾದ್ದರಿಂದ ಅದನ್ನು ಹಾಕಲು ಕಾರು ಪೂರ್ತಿ ನಿಲ್ಲಬೇಕು. ಎರಡನೆಯ ಗೇರಿನಲ್ಲಿ ಸಣ್ಣ ಗುಯ್‌ಗುಟ್ಟುವಿಕೆ ಉಳಿದಿದೆ. ಗೇರ್‌ಬಾಕ್ಸನ್ನು ನಾನು ಬಿಚ್ಚಲಿಲ್ಲ, ಸದ್ದು ಹೆಚ್ಚಾಗುವವರೆಗೆ ಬಿಚ್ಚುವುದೂ ಇಲ್ಲ. ಮೊದಲ ಮಳೆಗಾಲದಲ್ಲಿ ಎಡಗಡೆಯ ಹಿಂಗಾಜಿನ ಮೂಲೆಯಿಂದ ನೀರು ಒಳಬಂತು. ಹೊಸ ಬೀಡಿಂಗ್ ಹಳೆಯದಕ್ಕಿಂತ ಕೂದಲೆಳೆಯಷ್ಟು ತೆಳ್ಳಗಿದೆ. ಸರಿಯಾದ ಅಳತೆಯದಕ್ಕಾಗಿ ಹಳೆಯ ಬೀಡಿಂಗಿನ ಗೇಣುದ್ದದ ತುಂಡನ್ನು ಬೆಂಗಳೂರಿಗೆ ಕಳುಹಿಸಿದ್ದೇನೆ. ಅದು ಬರುವವರೆಗೆ ಆ ಮೂಲೆಯ ನೆಲದ ಹೊದಿಕೆಯನ್ನು ಎತ್ತಿ, ಪ್ರತಿ ಮಳೆಯ ನಂತರ ತಗಡನ್ನು ಕೈಯಾರೆ ಒರೆಸಿ ಒಣಗಿಸುತ್ತಿದ್ದೇನೆ.